ರಿಹ್ಯಾಬ್ ನರ್ಸ್ ಕೆಲಸ ನಿಜಕ್ಕೂ ‘ಲೈಟ್ ಡ್ಯೂಟಿ’ನಾ?

ಹಗಲುಪಾಳಿ

ಸರ್ಜಿಕಲ್ ವಾರ್ಡ್ ಬಿಟ್ಟು ರಿಹ್ಯಾಬ್‌ಗೆ, ಅಂದರೆ ಸ್ಟ್ರೋಕ್, ಬೆನ್ನುಹುರಿ ಪೆಟ್ಟು ಆದವರನ್ನು ಮತ್ತೆ ತಮ್ಮ ಕೆಲಸ ತಾವೇ ಮಾಡುವ ಹಾಗೆ ತಯಾರು ಮಾಡುವ ವಾರ್ಡ್‌ಗೆ, ಬಂದವಳು ನಾನು. ಹೊರಡುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು, "ಆರಾಮ ಬಿಡು, ಲೈಟ್ ಡ್ಯೂಟಿ." ಆದರೆ ಇಲ್ಲಿ ಆಗುವ ಸುಸ್ತೇ ಬೇರೆ. ಅಲ್ಲಿ ಕಾಲು ನೋಯುತ್ತಿತ್ತು, ಉಂಡು ಮಲಗಿದರೆ ಹೋಗುತ್ತಿತ್ತು. ಇಲ್ಲಿ ಮಲಗಿ ಎದ್ದರೂ ಹೋಗುವುದಿಲ್ಲ. ಯಾಕೆ ಹೀಗೆ ಅಂತ ಇದೇ ಕೆಲಸದಲ್ಲಿ ಇರುವವರನ್ನು ಕೇಳೋಣ ಅನ್ನಿಸಿತು.

ನನಗೆ ತೋಚಿದ್ದು ಇಷ್ಟು. ನರ್ಸಿಂಗ್ ಓದುವಾಗ ನಮಗೆ ಕೆಲಸ ಮಾಡುವುದನ್ನು ಕಲಿಸಿದರು. ಇಲ್ಲಿ ಅರ್ಧ ಹೊತ್ತು ಮಾಡದೇ ಇರುವುದೇ ಕೆಲಸ. ಸ್ಟ್ರೋಕ್ ಆಗಿ ಒಂದು ಕಡೆ ಸ್ವಾಧೀನ ತಪ್ಪಿದವರು ಶರ್ಟ್ ಹಾಕಿಕೊಳ್ಳುವುದನ್ನು ನೋಡಿದ್ದೀರಾ? ಸ್ವಾಧೀನ ಇಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದು ಕೊನೆಗೆ. ಒಳ್ಳೆಯ ಕೈಯಿಂದ ಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ, ಅದು ಮೊಣಕೈ ಹತ್ತಿರ ಸಿಕ್ಕಿಕೊಳ್ಳುತ್ತದೆ, ಮತ್ತೆ ಎಳೆಯುತ್ತಾರೆ, ಕಾಲರ್ ಒಳಗೆ ಮಡಚಿಕೊಳ್ಳುತ್ತದೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಹಾಕಿಬಿಟ್ಟರೆ ಒಂದು ನಿಮಿಷ. ಆದರೆ ಹಾಕಿದರೆ ಅವರು ಮನೆಗೆ ಹೋದ ಮೇಲೂ ಯಾರಾದರೂ ಹಾಕಲಿ ಅಂತ ಕಾಯುತ್ತಾರೆ. ಹಾಗಾಗಿ ಕೈ ಕಟ್ಟಿ ನಿಲ್ಲಬೇಕು. ಆ ಹೊತ್ತಿಗೆ ಪಕ್ಕದ ಬೆಡ್‌ನ ಬೆಲ್ ಹೊಡೆಯುತ್ತದೆ, ಇನ್ನೊಬ್ಬರ ಔಷಧಿ ಟೈಮ್ ಆಗಿರುತ್ತದೆ, ಹಿಂದಿನಿಂದ ರೋಗಿಯ ಜೊತೆಗಿರುವ ಯಾರೋ ಅಟೆಂಡರ್ ಹೇಳುವುದು ಕೇಳಿಸುತ್ತದೆ, "ನೋಡಿ, ಸಿಸ್ಟರ್ ಸುಮ್ನೆ ನಿಂತಿದ್ದಾರೆ."

ನಮ್ಮ ಒತ್ತಡಕ್ಕೆ ಕಾರಣ ಕೆಲಸ ಜಾಸ್ತಿ ಆಗಿರುವುದಾ, ಅಥವಾ ನಮ್ಮ ಕೆಲಸ ಏನು ಅಂತ ಯಾರಿಗೂ ಗೊತ್ತಿಲ್ಲದಿರುವುದಾ? ಕೆಲವು ಸಲ ನನಗೇ ಗೊತ್ತಿಲ್ಲ ಅನ್ನಿಸುತ್ತದೆ.

ಐಸಿಯು_ರಾತ್ರಿ

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ವೆಂಟಿಲೇಟರ್ ಅಲಾರಂ ಮಧ್ಯೆ ಇಡೀ ರಾತ್ರಿ ನಿಂತವರಿಗೆ ಶರ್ಟ್ ಗುಂಡಿಯ ಒತ್ತಡ ಒತ್ತಡ ಅನ್ನಿಸುವುದಿಲ್ಲ. ನಿಮ್ಮಲ್ಲಿ ಯಾರ ಜೀವವೂ ಆ ಕ್ಷಣಕ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ ಅಲ್ವಾ? ಸ್ಥಿರ ಆದ ಮೇಲೇ ತಾನೇ ನಿಮ್ಮ ಕಡೆ ಕಳಿಸುವುದು.

ಹಳೇ_ಇನ್‌ಚಾರ್ಜ್

ಐಸಿಯು ಅವರೇ, ನಿಮ್ಮ ಕಷ್ಟ ಸುಳ್ಳು ಅಂತ ಯಾರೂ ಹೇಳಿಲ್ಲ. ಆದರೆ ನಮ್ಮಲ್ಲಿ ಜೀವ ಹೋಗುವಂಥದ್ದು ಇಲ್ಲ ಅನ್ನುವುದು ತಪ್ಪು.

ಬೆನ್ನುಹುರಿಗೆ ಟಿ-6 ಮಟ್ಟದಲ್ಲಿ (ಎದೆ ಭಾಗದ ಆರನೇ ಬೆನ್ನುಮೂಳೆ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇರುತ್ತಾರಲ್ಲ, ಅವರಿಗೆ ಅಟಾನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಒಂದು ಆಗುತ್ತದೆ. ಮೂತ್ರಕೋಶ ತುಂಬಿರುತ್ತದೆ, ಅವರಿಗೆ ಅದು ಗೊತ್ತಾಗುವುದಿಲ್ಲ. ಬಿಪಿ ಮಾತ್ರ ಏರುತ್ತಾ ಹೋಗುತ್ತದೆ. ತಲೆ ಸಿಡಿಯುವ ನೋವು, ಪೆಟ್ಟಾದ ಮಟ್ಟದಿಂದ ಮೇಲೆ ಬೆವರು, ಮುಖ ಕೆಂಪು. ಈ ರೋಗಿಗಳ ಮಾಮೂಲಿ ಸಿಸ್ಟೋಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ, 90ರಿಂದ 110 ಇರುತ್ತದೆ, ಆದ್ದರಿಂದ 140 ಬಂದಾಗ ಹೊಸಬರು "ಪರವಾಗಿಲ್ಲ, ಸ್ವಲ್ಪ ಜಾಸ್ತಿ" ಅಂದುಕೊಂಡು ಹೋಗಿಬಿಡುತ್ತಾರೆ. ಅವರ ಲೆಕ್ಕಕ್ಕೆ ಅದು ಭಾರೀ ಏರಿಕೆ, ಹಾಗೇ ಬಿಟ್ಟರೆ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ತಕ್ಷಣ ಎಬ್ಬಿಸಿ ಕೂರಿಸಬೇಕು, ಕಾಲು ಕೆಳಗೆ ಬಿಡಬೇಕು, ಬಿಗಿ ಬಟ್ಟೆ ಸಡಿಲ ಮಾಡಬೇಕು, ಮೂತ್ರ ಹೊರತೆಗೆಯುವ ಕ್ಯಾಥೆಟರ್ ಟ್ಯೂಬ್ ಎಲ್ಲಾದರೂ ಮಡಚಿದೆಯಾ ನೋಡಬೇಕು. ಎಷ್ಟೋ ಸಲ ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಇದನ್ನು ಮೊದಲು ಕಂಡುಹಿಡಿಯುವವರು ಯಾರು? ಮಾನಿಟರ್ ಇರುವುದಿಲ್ಲ, ಅಲಾರಂ ಇರುವುದಿಲ್ಲ. ರಾತ್ರಿ ರೌಂಡ್ಸ್‌ನಲ್ಲಿ ಬೆವರಿದ ಹಣೆ ನೋಡಿದ ನರ್ಸ್.

ಐಸಿಯು_ರಾತ್ರಿ

ಅದು ಒಪ್ಪುತ್ತೇನೆ. ಮಾನಿಟರ್ ಇಲ್ಲದೆ ಹಿಡಿಯಬೇಕು ಅಂದರೆ ಕಷ್ಟವೇ.

ಹಳೇ_ಇನ್‌ಚಾರ್ಜ್

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಮರೆತು ಹೋಗುತ್ತದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಘಟಕ ಶುರು ಮಾಡಿದಾಗ ಇಂಥ ರೋಗಿಗಳು ಬದುಕುತ್ತಾರೆ ಅನ್ನುವ ನಂಬಿಕೆ ಹೆಚ್ಚಿನ ಡಾಕ್ಟರ್‌ಗಳಿಗೆ ಇರಲಿಲ್ಲ. ಸಾಯುತ್ತಿದ್ದದ್ದು ಬೆಡ್‌ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಮತ್ತು ಮೂತ್ರದ ಸೋಂಕಿನಿಂದ. ಅಲ್ಲಿ ಬದಲಾದದ್ದು ಏನು ಅಂತ ನೋಡಿದರೆ, ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದ್ದು, ಮೂತ್ರಕೋಶವನ್ನು ಶಿಸ್ತಿನಿಂದ ನೋಡಿಕೊಂಡಿದ್ದು. 1948ರಲ್ಲಿ ಅದೇ ಆಸ್ಪತ್ರೆ ಅಂಗಳದಲ್ಲಿ ನಡೆದ ಬಿಲ್ಲುಗಾರಿಕೆ ಪಂದ್ಯದಿಂದ ಪ್ಯಾರಾಲಿಂಪಿಕ್ಸ್ ಬೆಳೆಯಿತು, ಅದು ಎಲ್ಲರಿಗೂ ಗೊತ್ತು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗಲು ಬದಲಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಹಗಲುಪಾಳಿ ಸಿಸ್ಟರ್ ಕೇಳಿದ್ದು ಇವತ್ತಿನ ಸಮಸ್ಯೆ ಅಲ್ಲ ಕಣ್ರೀ, ಮೊದಲಿಂದಲೂ ಹೀಗೇ.

ಜಿಮ್_ಫಿಸಿಯೋ

ನಾನು ಫಿಸಿಯೋ. ಬೈಯಿಸಿಕೊಳ್ಳಲು ರೆಡಿ ಆಗಿಯೇ ಬರೆಯುತ್ತಿದ್ದೇನೆ.

ನರ್ಸ್‌ಗಳ ಕೆಲಸ ಯಾರಿಗೂ ಕಾಣುವುದಿಲ್ಲ ಅನ್ನುವುದು ನಿಜ. ಆದರೆ ನಮ್ಮ ಕಡೆಯ ಸಂಕಟವೂ ಇದೆ. ನಾವು ಬೆಳಿಗ್ಗೆ ಜಿಮ್‌ನಲ್ಲಿ ಒಬ್ಬರನ್ನು ಬೆಡ್‌ನಿಂದ ವೀಲ್‌ಚೇರ್‌ಗೆ ತಾವೇ ದಾಟುವ ಹಾಗೆ ತಯಾರು ಮಾಡಿರುತ್ತೇವೆ. ಸಂಜೆ ವಾರ್ಡ್‌ಗೆ ಹೋದರೆ ಇಬ್ಬರು ಸೇರಿ ಅವರನ್ನು ಎತ್ತಿ ಕೂರಿಸುತ್ತಿರುತ್ತಾರೆ. ಅದಕ್ಕಿಂತ ಕೆಟ್ಟದ್ದು, ಸ್ವಾಧೀನ ಇಲ್ಲದ ಕೈ ಹಿಡಿದು ಮೇಲಕ್ಕೆ ಎಳೆಯುವುದು. ಆ ಭುಜದ ಕೀಲು ಮೊದಲೇ ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ವಾರಗಟ್ಟಲೆ ಮಾಡಿದ ಕೆಲಸ ಹಾಳು. ಇದನ್ನು ಹೇಳಿದರೆ "ನೀವು ಬಂದು ಒಂದು ಶಿಫ್ಟ್ ಮಾಡಿ ನೋಡಿ" ಅನ್ನುತ್ತಾರೆ.

ಹಗಲುಪಾಳಿ

ನಾನೂ ಅದನ್ನೇ ಅನ್ನುತ್ತೇನೆ ಸರ್, ಬಂದು ಒಂದು ಶಿಫ್ಟ್ ಮಾಡಿ ನೋಡಿ. ಜಿಮ್‌ನಲ್ಲಿ ನಿಮ್ಮ ಮುಂದೆ ಒಂದು ಹೊತ್ತಿಗೆ ಒಬ್ಬರು. ಅವರು ಸ್ನಾನ ಮಾಡಿ, ತಿಂಡಿ ತಿಂದು, ಹೊಟ್ಟೆ ಖಾಲಿ ಮಾಡಿಕೊಂಡು, ಒಣ ಬಟ್ಟೆಯಲ್ಲಿ, ನೋವಿನ ಮಾತ್ರೆ ಸರಿಯಾದ ಹೊತ್ತಿಗೆ ನುಂಗಿ, ನಿಮ್ಮ ಬಾಗಿಲಿಗೆ ಟೈಮ್‌ಗೆ ಬಂದಿರುತ್ತಾರೆ. ತಾವಾಗೇ ಹಾಗೆ ಬಂದರಾ? ಅದು ಯಾರ ಚಾರ್ಟ್‌ನಲ್ಲೂ ಇರುವುದಿಲ್ಲ. ತಡ ಆದರೆ ಮಾತ್ರ "ನರ್ಸಿಂಗ್ ಡಿಲೇ" ಅಂತ ಬರೆಯುತ್ತೀರಿ.

ಭುಜ ಎಳೆಯುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ನೆಪ ಇಲ್ಲ.

ಜಿಮ್_ಫಿಸಿಯೋ

"ನರ್ಸಿಂಗ್ ಡಿಲೇ" ಅಂತ ಬರೆಯುವುದು ನಿಜ. ಫಾರಂನಲ್ಲಿ ಇರುವ ಆಯ್ಕೆಯೇ ಅದು. ಟೈಮ್‌ಗೆ ಬಂದದ್ದನ್ನು ಬರೆಯುವ ಜಾಗ ಇಲ್ಲ, ಅದೂ ನಿಜ.

ಅಂಕಿಪುಸ್ತಕ

ಫಾರಂ ಮಾತು ಬಂದದ್ದರಿಂದ ಒಂದು ವಿಷಯ. ರೋಗಿ ದಿನದ ಕೆಲಸ ಎಷ್ಟು ತಾವೇ ಮಾಡುತ್ತಾರೆ ಅಂತ ಅಳೆಯುವ ಎಫ್‌ಐಎಂ ಮಾಪಕ ಬಳಸುವ ಕಡೆ ನೋಡಿ. ಒಟ್ಟು 18 ಅಂಶ, ಒಂದೊಂದಕ್ಕೂ 1ರಿಂದ 7. ಕನಿಷ್ಠ 18, ಗರಿಷ್ಠ 126. ಟೀಮ್ ಮೀಟಿಂಗ್‌ನಲ್ಲಿ ಅಂಕ ಏರಿದಾಗ ನಡಿಗೆ, ಮೆಟ್ಟಿಲು, ಮಾತು, ಇವುಗಳದ್ದೇ ಚರ್ಚೆ. ಆ 18ರಲ್ಲಿ ಮೂತ್ರ ಮತ್ತು ಮಲದ ಹಿಡಿತ ಎರಡು ಅಂಶ. ಅವೆರಡೂ ಹೆಚ್ಚುಕಮ್ಮಿ ಪೂರ್ತಿ ನರ್ಸ್‌ಗಳ ಕೆಲಸ. ನಾಲ್ಕರಿಂದ ಆರು ಗಂಟೆಗೊಮ್ಮೆ ಇಂಟರ್‌ಮಿಟೆಂಟ್ ಕ್ಯಾಥೆಟರ್ (ಹಾಕಿ, ಮೂತ್ರ ಖಾಲಿ ಮಾಡಿ, ಮತ್ತೆ ತೆಗೆಯುವುದು), ಒಂದು ಸಲಕ್ಕೆ ಬರುವ ಮೂತ್ರ 500 ಮಿಲಿ ಲೀಟರ್ ದಾಟದ ಹಾಗೆ ಕುಡಿಯುವ ನೀರಿನ ಲೆಕ್ಕ, ಊಟ ಆದ ಅರ್ಧ ಗಂಟೆಯೊಳಗೆ ಟಾಯ್ಲೆಟ್‌ನಲ್ಲಿ ಕೂರಿಸುವುದು, ಯಾಕೆಂದರೆ ಹೊಟ್ಟೆಗೆ ಬಿದ್ದಾಗ ಕರುಳು ತಾನಾಗಿ ಕದಲುತ್ತದೆ. ದಿನಾ ಅದೇ ಹೊತ್ತಿಗೆ. ವಾರಗಳು ಹಿಡಿಯುತ್ತದೆ.

ಈಗ ಕೇಳಿ. ಮನೆಯವರು ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತಾರಾ ಇಲ್ಲವಾ ಅನ್ನುವುದು ಎಷ್ಟೋ ಸಲ ನಿಲ್ಲುವುದು ಇವೆರಡರ ಮೇಲೆ. ನಡೆಯಲು ಬಾರದವರನ್ನು ವೀಲ್‌ಚೇರ್‌ನಲ್ಲಿ ಕರೆದುಕೊಂಡು ಹೋಗುತ್ತಾರೆ. ರಾತ್ರಿಯೆಲ್ಲ ಹಾಸಿಗೆ ಒದ್ದೆ ಆಗುವವರನ್ನು ನೋಡಿಕೊಳ್ಳುವವರು ಕೆಲವೇ ದಿನದಲ್ಲಿ ಸೋತುಹೋಗುತ್ತಾರೆ. ಹಾಗಾದರೆ ರೋಗಿಯನ್ನು ಮನೆಗೆ ಕಳಿಸಿದ್ದು ಯಾರು? ಇದನ್ನು ಮೀಟಿಂಗ್‌ನಲ್ಲಿ ಯಾರೂ ಹೇಳುವುದಿಲ್ಲ, ನರ್ಸ್‌ಗಳೂ ಹೇಳುವುದಿಲ್ಲ. ನಾಚಿಕೆ ವಿಷಯ ಅಂತ ನಾವೇ ದನಿ ತಗ್ಗಿಸಿ ಮಾತಾಡುತ್ತೇವೆ.

ಮಾಜಿ_ಬ್ರದರ್

ನಾನು ಈ ಕೆಲಸ ಬಿಟ್ಟವನು. ಎಲ್ಲರೂ ಬೆನ್ನುನೋವಿಂದ ಬಿಟ್ಟ ಅಂದುಕೊಂಡಿದ್ದಾರೆ. ಬೆನ್ನುನೋವು ಇತ್ತು, ಸುಳ್ಳಲ್ಲ. ಗಂಡಸು ನರ್ಸ್ ಅಂದರೆ ಎತ್ತುವ ಯಂತ್ರ ಅಂತ ಲೆಕ್ಕ, ಭಾರ ಇರುವ ರೋಗಿ ಬಂದರೆ ಬೇರೆ ವಾರ್ಡ್‌ನಿಂದಲೂ ಕರೆಯುತ್ತಿದ್ದರು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ ಮಾರ್ಗಸೂಚಿ ಆಧಾರದಲ್ಲಿ ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳಬಹುದಾದ ಭಾರಕ್ಕೆ ಹಾಕಿರುವ ಮಿತಿ 35 ಪೌಂಡ್, ಅಂದರೆ ಸುಮಾರು 16 ಕೆಜಿ. ಒಬ್ಬ ದೊಡ್ಡ ಮನುಷ್ಯನ ಒಂದು ಕಾಲೇ ಅಷ್ಟಾಗುವುದುಂಟು. ಇದನ್ನು ಓದಿದ ದಿನ ನಗು ಬಂತು.

ಆದರೆ ಬಿಟ್ಟದ್ದು ಅದಕ್ಕಲ್ಲ. ಡಿಸ್ಚಾರ್ಜ್ ತಾರೀಕಿಗೆ. ರೋಗಿಯ ಹೆಂಡತಿಗೆ ಕ್ಯಾಥೆಟರ್ ಹಾಕುವುದು ಇನ್ನೂ ಬಂದಿಲ್ಲ, ಕೈ ನಡುಗುತ್ತದೆ, ಇನ್ನು ನಾಲ್ಕು ದಿನ ಇದ್ದರೆ ಕಲಿಯುತ್ತಾರೆ ಅಂತ ನನಗೆ ಗೊತ್ತು. ಹೇಳಿದರೆ "ಬೆಡ್ ಬೇಕು" ಅನ್ನುವ ಉತ್ತರ. ಸ್ವಲ್ಪ ದಿನಕ್ಕೆ ಅದೇ ರೋಗಿ ಸೋಂಕಾಗಿ, ಜ್ವರ ಬಂದು ವಾಪಸ್. ಹೀಗೆ ಆಗುವುದು ಮೊದಲೇ ಗೊತ್ತಿದ್ದೂ ಕೈ ಕಟ್ಟಿ ನೋಡಬೇಕು. ಸರಿ ಯಾವುದು ಅಂತ ಗೊತ್ತು, ಮಾಡಲು ಬಿಡುವುದಿಲ್ಲ. ಇದಕ್ಕೆ ಮಾರಲ್ ಡಿಸ್ಟ್ರೆಸ್ ಅನ್ನುತ್ತಾರೆ, ಆಂಡ್ರ್ಯೂ ಜೇಮ್ಟನ್ ಅನ್ನುವವರು 1984ರಲ್ಲಿ ನರ್ಸ್‌ಗಳ ಬಗ್ಗೆಯೇ ಬರೆಯುತ್ತಾ ಈ ಹೆಸರು ಕೊಟ್ಟರು. ಹೆಸರು ಸಿಕ್ಕಿದ್ದರಿಂದ ನನಗೇನೂ ಉಪಯೋಗ ಆಗಲಿಲ್ಲ, ಆದರೆ ಇದು ನನ್ನೊಬ್ಬನ ಕೊರಗು ಅಲ್ಲ ಅಂತ ತಿಳಿಯಿತು.

ಹೊಸ_ಸಿಸ್ಟರ್

ನಾನು ಈಗ ತಾನೇ ಸೇರಿದವಳು. ತಲೆಗೆ ಪೆಟ್ಟಾದವರ ವಾರ್ಡ್. ಒಬ್ಬರು ದಿನಾ ಬೈಯುತ್ತಾರೆ, ಕೆಟ್ಟ ಮಾತು, ಉಗಿಯುತ್ತಾರೆ, ನಿನ್ನೆ ಕೈ ತಿರುಚಿದರು. ಮೆದುಳಿನ ಚೇತರಿಕೆ ಅಳೆಯುವ ರಾಂಚೋ ಮಾಪಕದಲ್ಲಿ 4ನೇ ಹಂತ, ಗೊಂದಲ ಮತ್ತು ಉದ್ರೇಕ, ಇದು ಮೆದುಳು ಮಾಡಿಸುವುದು, ಆ ಮನುಷ್ಯ ಮಾಡುವುದಲ್ಲ ಅಂತ ಸೀನಿಯರ್ ವಿವರಿಸಿದರು. ಅರ್ಥ ಆಗುತ್ತದೆ. ಈ ಹಂತ ಬಂದಿದೆ ಅಂದರೆ ಚೇತರಿಕೆ ಮುಂದೆ ಹೋಗುತ್ತಿದೆ ಅಂತ ಅವರ ಮನೆಯವರಿಗೆ ನಾನೇ ಸಮಾಧಾನ ಹೇಳಿದೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಅತ್ತೆ. ಗೊತ್ತಿದ್ದೂ ನೋವಾಗುತ್ತದೆ, ಇದು ತಪ್ಪಾ?

ಹಳೇ_ಇನ್‌ಚಾರ್ಜ್

ತಪ್ಪಲ್ಲಮ್ಮ. ಕೈ ತಿರುಚಿದ್ದನ್ನು ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಬರೆದೆಯಾ? ರೋಗಿಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಬರೆಯದೆ ಬಿಡುವುದು ನಮ್ಮಲ್ಲಿ ದೊಡ್ಡ ಕೆಟ್ಟ ಚಾಳಿ. ಬರೆದರೆ ಅವರ ಮೇಲೆ ದೂರು ಕೊಟ್ಟ ಹಾಗಲ್ಲ. ಆ ಬೆಡ್‌ಗೆ ಒಬ್ಬರೇ ಹೋಗಬಾರದು ಅನ್ನುವುದಕ್ಕೆ ದಾಖಲೆ. ಟಿವಿ ಆಫ್ ಮಾಡಿಸು, ಒಂದು ಹೊತ್ತಿಗೆ ಒಬ್ಬರೇ ಮಾತಾಡುವ ಹಾಗೆ ನೋಡಿಕೋ, ವಾದ ಮಾಡಬೇಡ. ಮತ್ತೆ ಆ ಬೆಡ್ ನಿನಗೆ ದಿನಾ ಹಾಕಬಾರದು, ಸರದಿ ಮೇಲೆ ಹಾಕಬೇಕು. ಇನ್‌ಚಾರ್ಜ್ ಹತ್ತಿರ ಕೇಳು, ಕೇಳುವುದು ನಿನ್ನ ಹಕ್ಕು.

ಹೊಸ_ಸಿಸ್ಟರ್

ಬರೆದಿರಲಿಲ್ಲ. ಇವತ್ತೇ ಬರೆಯುತ್ತೇನೆ ಮೇಡಂ.

ಅಂಕಿಪುಸ್ತಕ

ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಸಹೋದ್ಯೋಗಿ ಜೊತೆ ಸೇರಿ ಮಾಡಿದ ಬರ್ನ್‌ಔಟ್ (ಕೆಲಸದ ಒತ್ತಡದಲ್ಲಿ ಸೋತುಹೋಗುವುದು) ಪ್ರಶ್ನಾವಳಿ ನೆನಪಾಗುತ್ತದೆ. 22 ಪ್ರಶ್ನೆ, ಮೂರು ಭಾಗ: ಭಾವನೆ ಬತ್ತಿಹೋಗುವುದು, ರೋಗಿಯನ್ನು ಮನುಷ್ಯ ಅಂತ ಕಾಣದೆ ಬೆಡ್ ನಂಬರ್ ಆಗಿ ಕಾಣುವುದು, ನಾನು ಏನೂ ಸಾಧಿಸುತ್ತಿಲ್ಲ ಅನ್ನಿಸುವುದು. ಬರ್ನ್‌ಔಟ್ ಅಂದರೆ ಎಲ್ಲರೂ ಮೊದಲನೆಯದರ ಬಗ್ಗೆಯೇ ಮಾತಾಡುತ್ತಾರೆ. ರಿಹ್ಯಾಬ್‌ನಲ್ಲಿ ಮೂರನೆಯದು ಹೆಚ್ಚು ಕಾಡುತ್ತದೆ ಅಂತ ನನ್ನ ಅನಿಸಿಕೆ. ಸರ್ಜಿಕಲ್‌ನಲ್ಲಿ ಹೊಲಿಗೆ ಬಿಚ್ಚಿದ ದಿನ ಕೆಲಸ ಮುಗಿಯಿತು ಅಂತ ಕಣ್ಣಿಗೆ ಕಾಣುತ್ತದೆ. ಇಲ್ಲಿ ಇಡೀ ವಾರಕ್ಕೆ ಆದ ಪ್ರಗತಿ ಅಂದರೆ ಚಮಚ ಬಾಯಿ ತನಕ ಬಂದದ್ದು. ಅದು ನಮ್ಮಿಂದ ಆಯಿತು ಅಂತ ಯಾರೂ ಹೇಳದಿದ್ದರೆ ನಾವೇ ನಂಬುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸೇರಿಸಿದೆ. ಕಾರಣ ಕೆಲಸದ ಜಾಗದಲ್ಲಿದೆ ಅಂತ ತಾನೇ ಅದರರ್ಥ? ಮತ್ತೆ ಮ್ಯಾನೇಜ್‌ಮೆಂಟ್‌ನವರು ನಮಗೆ ಯಾಕೆ ಧ್ಯಾನದ ಕ್ಲಾಸ್ ಇಡುತ್ತಾರೆ? ಅದೂ ಡ್ಯೂಟಿ ಮುಗಿದ ಮೇಲೆ!

ಐಸಿಯು_ರಾತ್ರಿ

ಹಹ್ಹ, ನಮಗೂ ಇಟ್ಟಿದ್ದರು. ಅರ್ಧ ಜನ ಕೂತಲ್ಲೇ ನಿದ್ದೆ.

ಶಾಂತವಾಗಿರಿ

ನನಗೆ ಆ ಕ್ಲಾಸ್‌ನಿಂದ ಸ್ವಲ್ಪ ಒಳ್ಳೆಯದಾಯಿತು, ನಿಜವಾಗಿಯೂ. ಮನೆಗೆ ಹೋದ ಮೇಲೆ ಮಕ್ಕಳ ಮೇಲೆ ರೇಗುವುದು ಕಡಿಮೆ ಆಗಿದೆ. ಸ್ಟಾಫ್ ಕೊರತೆಗೆ ಅದು ಔಷಧಿ ಅಲ್ಲ, ಅದು ಗೊತ್ತು. ಆದರೆ ಎಲ್ಲವನ್ನೂ ತಮಾಷೆ ಮಾಡಬೇಡಿ.

ವೀಲ್‌ಚೇರ್_ಮೇಲಿಂದ

ನಾನು ನರ್ಸ್ ಅಲ್ಲ. ಬೆನ್ನುಹುರಿಗೆ ಪೆಟ್ಟಾಗಿ ರಿಹ್ಯಾಬ್‌ನಲ್ಲಿ ಇದ್ದವನು. ಓದುತ್ತಾ ಬಂದೆ, ಸುಮ್ಮನಿರಲು ಆಗಲಿಲ್ಲ.

ವೀಲ್‌ಚೇರ್‌ನಿಂದ ಕಾರಿಗೆ ದಾಟುವುದನ್ನು ಫಿಸಿಯೋ ಕಲಿಸಿದರು, ಅವರ ಋಣ ಇದೆ. ಆದರೆ ಹಗಲಲ್ಲಿ ಬಾಯಿಗೆ ಬಾರದ ಪ್ರಶ್ನೆಗಳು ಇರುತ್ತವೆ. ಮದುವೆ ಆದವನು ಇನ್ನು ಗಂಡ ಅನ್ನಿಸಿಕೊಳ್ಳಬಹುದಾ? ಆಫೀಸಿನಲ್ಲಿ ಪ್ಯಾಂಟ್ ಒದ್ದೆ ಆದರೆ ಏನು ಮಾಡುವುದು? ಇವನ್ನು ಡಾಕ್ಟರ್ ರೌಂಡ್ಸ್‌ನಲ್ಲಿ ಹತ್ತು ಜನರ ಮುಂದೆ ಕೇಳಲು ಆಗುತ್ತದಾ? ನಾನು ಕೇಳಿದ್ದು ರಾತ್ರಿ ಮಗ್ಗಲು ಬದಲಿಸಲು ಬಂದ ಸಿಸ್ಟರ್ ಹತ್ತಿರ. ಅವರು ಲೈಟ್ ಹಾಕಲಿಲ್ಲ, ಮುಖ ಸಿಂಡರಿಸಲಿಲ್ಲ, ಇದಕ್ಕೆ ಉತ್ತರ ಇದೆ ಅಂದರು, ಬೇರೆ ಯಾರನ್ನು ಕಾಣಬೇಕು ಅಂತಲೂ ಹೇಳಿದರು. ನಾನೇ ಕ್ಯಾಥೆಟರ್ ಹಾಕಿಕೊಳ್ಳುವುದನ್ನು ಕಲಿಸಿದ್ದೂ ಅವರೇ. ನನ್ನ ಮಟ್ಟಿಗೆ ಆಫೀಸಿಗೆ ವಾಪಸ್ ಹೋಗಲು ಸಾಧ್ಯ ಆದದ್ದು ಅದರಿಂದ.

ದೂರೂ ಇದೆ, ಹೇಳಿಬಿಡುತ್ತೇನೆ. ಶುರುವಿನಲ್ಲಿ ನಮಗೆ ಯಾರೂ ಏನೂ ಹೇಳಲಿಲ್ಲ. ನೀವು ಬೇಕಂತಲೇ ಸಹಾಯ ಮಾಡುವುದಿಲ್ಲ, ಅದಕ್ಕೆ ಕಾರಣ ಇದೆ ಅಂತ ಸೇರಿದ ದಿನವೇ ಮನೆಯವರನ್ನು ಕೂರಿಸಿ ಹೇಳಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು. "ಸುಮ್ನೆ ನಿಂತಿದ್ದಾರೆ" ಅಂದ ಅಟೆಂಡರ್‌ಗೆ ಗೊತ್ತಾಗುವುದಾದರೂ ಹೇಗೆ? ಮತ್ತೆ ಕೆಲವರು ನನ್ನ ತಲೆ ಮೇಲಿಂದ ನನ್ನ ಹೆಂಡತಿ ಜೊತೆ ಮಾತಾಡುತ್ತಾರೆ, "ಇವರು ಊಟ ಮಾಡಿದ್ರಾ" ಅಂತ. ನನ್ನ ಕಾಲಿಗೆ ತಾನೇ ಆಗಿರುವುದು, ಕಿವಿಗಲ್ಲವಲ್ಲ.

ಹಗಲುಪಾಳಿ

ಸರ್, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಮೊದಲ ದಿನವೇ ಮನೆಯವರಿಗೆ ಹೇಳುವುದು, ಇದಕ್ಕೆ ದುಡ್ಡು ಬೇಕಿಲ್ಲ, ಸ್ಟಾಫ್ ಬೇಕಿಲ್ಲ. ನಾವು ಯಾಕೆ ಮಾಡುತ್ತಿಲ್ಲ?

ಮಾಜಿ_ಬ್ರದರ್

ಯಾಕೆಂದರೆ ಹೇಳಲು ನಮಗೇ ಮಾತು ಇರಲಿಲ್ಲ. ಫಿಸಿಯೋಗೆ "ನಾನು ನಡೆಸುತ್ತೇನೆ" ಅನ್ನಬಹುದು. ಸ್ಪೀಚ್ ಥೆರಪಿಸ್ಟ್‌ಗೆ "ಮಾತು, ನುಂಗುವುದು". ನಾವು ಏನು ಅನ್ನಬೇಕು? "ನೋಡಿಕೊಳ್ಳುತ್ತೇವೆ" ಅನ್ನುತ್ತೇವೆ. ಅದು ಮನೆಯವರೂ ಮಾಡುತ್ತಾರಲ್ಲ.

ಅಂಕಿಪುಸ್ತಕ

ಬ್ರದರ್ ಹೇಳಿದ್ದೇ ಮುಖ್ಯ. ಅಮೆರಿಕದಲ್ಲಿ ರಿಹ್ಯಾಬ್ ನರ್ಸ್‌ಗಳು 1974ರಲ್ಲೇ ಸ್ವಂತ ಸಂಘ ಕಟ್ಟಿಕೊಂಡರು, ಸಿಆರ್‌ಆರ್‌ಎನ್ ಅಂತ ಪ್ರತ್ಯೇಕ ಪ್ರಮಾಣಪತ್ರ ಪರೀಕ್ಷೆಯೂ ಇದೆ. ಇದು ಬೇರೆಯೇ ವಿದ್ಯೆ ಅಂತ ಹೊರಗಿನವರಿಗೆ ತೋರಿಸಲು ಅದು ಬೇಕಾಗುತ್ತದೆ.

ಹಳೇ_ಇನ್‌ಚಾರ್ಜ್

ಸರ್ಟಿಫಿಕೇಟ್ ಒಳ್ಳೆಯದೇ. ಆದರೆ ಸಂಬಳ ಏರದೆ, ವಾರ್ಡ್ ಸ್ಥಿರ ಮಾಡದೆ ಬರೀ ಸರ್ಟಿಫಿಕೇಟ್ ಕೊಟ್ಟರೆ ಗೋಡೆಗೆ ಒಂದು ಫ್ರೇಮ್ ಬರುತ್ತದೆ ಅಷ್ಟೇ. ನನ್ನ ಅನುಭವದಲ್ಲಿ ಜನ ಉಳಿಯುವುದು ಮೂರು ತಿಂಗಳಿಗೊಮ್ಮೆ ವಾರ್ಡ್ ಬದಲಿಸದೇ ಇದ್ದಾಗ. ನಿಧಾನದ ಕೆಲಸ ಇದು. ಸ್ಟ್ರೆಚರ್‌ನಲ್ಲಿ ಬಂದವರು ವೀಲ್‌ಚೇರ್ ತಳ್ಳಿಕೊಂಡು ಹೊರಗೆ ಹೋಗುವುದನ್ನು ಅದೇ ನರ್ಸ್ ನೋಡಬೇಕು. ಅರ್ಧಕ್ಕೇ ಬೇರೆ ವಾರ್ಡ್‌ಗೆ ಹಾಕಿದರೆ ಕಷ್ಟ ಮಾತ್ರ ನೋಡಿರುತ್ತಾಳೆ, ಫಲ ನೋಡಿರುವುದಿಲ್ಲ. ಆಮೇಲೆ ಕೆಲಸದಲ್ಲಿ ತೃಪ್ತಿ ಇಲ್ಲ ಅಂದರೆ ಎಲ್ಲಿಂದ ಬರಬೇಕು?

ಇನ್ನೊಂದು, ಟೀಮ್ ಮೀಟಿಂಗ್‌ನಲ್ಲಿ ನರ್ಸ್‌ನ ಗುರಿ ಅಂತ ಪ್ರತ್ಯೇಕ ಸಾಲು ಬೇಕು. ನಾನು ಇನ್‌ಚಾರ್ಜ್ ಇದ್ದಾಗ ಹಾಳೆ ಮಾಡಿಸಿದ್ದೆ. ಮೊದಮೊದಲು ಡಾಕ್ಟರ್‌ಗಳು ಓದುತ್ತಿರಲಿಲ್ಲ. ಆಮೇಲೆ ಡಿಸ್ಚಾರ್ಜ್ ತಾರೀಕು ಹಾಕುವ ಮೊದಲು ಆ ಸಾಲು ಎಲ್ಲಿ ಅಂತ ಅವರೇ ಕೇಳಲು ಶುರು ಮಾಡಿದರು.

ಜಿಮ್_ಫಿಸಿಯೋ

ನಮಗೂ ಅದು ಬೇಕು. ವಾರ್ಡ್‌ನಲ್ಲಿ ರೋಗಿ ಎಷ್ಟು ಮಾಡುತ್ತಾರೆ ಅನ್ನುವುದೇ ನಿಜವಾದ ಮಟ್ಟ. ಜಿಮ್‌ನಲ್ಲಿ ಮಾಡಿ ತೋರಿಸುವುದು ಒಂದು ಗಂಟೆಯ ಹುಮ್ಮಸ್ಸು. ಮೇಡಂ, ಆ ಹಾಳೆಯಲ್ಲಿ ಏನೇನು ಇತ್ತು?

ಹಳೇ_ಇನ್‌ಚಾರ್ಜ್

ದೊಡ್ಡದೇನಲ್ಲ, ಒಂದೇ ಪುಟ. ಈ ವಾರ ರೋಗಿ ತಾವೇ ಮಾಡಬೇಕಾದ ಒಂದು ಕೆಲಸ, ಅದೂ ಅವರ ಮಾತಲ್ಲೇ. ಅದರ ಪಕ್ಕ "ನಾವು ಎಲ್ಲಿ ಕೈ ಹಾಕಬಾರದು" ಅಂತ ಒಂದು ಸಾಲು, ಎಲ್ಲ ಶಿಫ್ಟ್‌ನವರೂ ಅಟೆಂಡರ್‌ಗಳೂ ಓದುವ ಹಾಗೆ. ಮೂತ್ರ, ಮಲ, ಚರ್ಮ, ನಿದ್ದೆ, ಇವು ಹೋದ ವಾರ ಹೇಗಿತ್ತು, ಈ ವಾರ ಹೇಗಿದೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಏನು ಬಂತು, ಏನು ಇನ್ನೂ ಬಂದಿಲ್ಲ, ಯಾರು ನೋಡಿ ಖಚಿತ ಮಾಡಿದರು. ಮನಸ್ಸು ಹೇಗಿದೆ ಅಂತಲೂ ಒಂದು ಜಾಗ ಬಿಟ್ಟಿದ್ದೆ, ಯಾಕೆಂದರೆ ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಥೆರಪಿಗೆ ಬರಲ್ಲ ಅಂತ ಹಟ ಮಾಡುವವರನ್ನು ನಾವು ಸೋಮಾರಿ ಅಂದುಬಿಡುತ್ತೇವೆ. ಕೆಳಗೆ ಸಹಿ, ನರ್ಸ್‌ನ ಪೂರ್ತಿ ಹೆಸರು. ಬರೀ "ಡ್ಯೂಟಿ ನರ್ಸ್" ಅಂತ ಬರೆಯಲು ಬಿಡುತ್ತಿರಲಿಲ್ಲ.

ಹಗಲುಪಾಳಿ

ನಾಳೆ ನಮ್ಮ ಇನ್‌ಚಾರ್ಜ್ ಹತ್ತಿರ ಇದನ್ನು ತೋರಿಸುತ್ತೇನೆ. ಒಪ್ಪದಿದ್ದರೆ?

ಹಳೇ_ಇನ್‌ಚಾರ್ಜ್

ಇಡೀ ವಾರ್ಡ್‌ಗೆ ಕೇಳಬೇಡಿ. ಒಂದು ಬೆಡ್‌ಗೆ ಮಾಡುತ್ತೇನೆ, ಒಂದು ತಿಂಗಳು ನೋಡೋಣ ಅನ್ನಿ. ಭುಜ ನೋವಿರುವ ಸ್ಟ್ರೋಕ್ ರೋಗಿಯನ್ನು ಆರಿಸಿಕೊಳ್ಳಿ, ಫಿಸಿಯೋನೂ ನಿಮ್ಮ ಪಕ್ಷಕ್ಕೆ ಬರುತ್ತಾರೆ.

ಜಿಮ್_ಫಿಸಿಯೋ

ಬರುತ್ತೇವೆ. "ನರ್ಸಿಂಗ್ ಡಿಲೇ" ಆಯ್ಕೆಯನ್ನು ಫಾರಂನಿಂದ ತೆಗೆಸಲು ನಾನು ನಮ್ಮ ಕಡೆ ಕೇಳುತ್ತೇನೆ. ಬರೀ "ತಡ, ಕಾರಣ" ಅಂತ ಇದ್ದರೆ ಸಾಕು.